ಮಗುವನ್ನು ಕೊಡುವುದಿಲ್ಲ ಎನ್ನುವ ಧೈರ್ಯ: ಶಾಲಾ ಬಸ್ ಸಿಬ್ಬಂದಿಯ ಭದ್ರತಾ ತರಬೇತಿ ಹೇಗಿತ್ತು?

ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಸಾರಿಗೆ ಉಸ್ತುವಾರಿ. ಅದಕ್ಕೂ ಮೊದಲು ಕೆಎಸ್‌ಆರ್‌ಟಿಸಿ ಚಾಲಕನಾಗಿದ್ದು ನಿವೃತ್ತನಾದವನು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚಿನ ವಾರ ನಮ್ಮ ಚಾಲಕರಿಗೂ ಆಯಾಗಳಿಗೂ ಬೆಂಗಳೂರಿನ ಒಂದು ತಂಡದಿಂದ ಇಡೀ ದಿನದ ಭದ್ರತಾ ತರಬೇತಿ ಕೊಡಿಸಿದೆವು. ಶುಲ್ಕ ತಲೆಲೆಕ್ಕದ್ದಲ್ಲ, ದಿನಕ್ಕೆ 18,000 ರೂಪಾಯಿ. ಊಟ, ಚಹಾ ನಮ್ಮದು. ಬೇರೆ ಶಾಲೆಗಳಲ್ಲಿ ಸಾರಿಗೆ ನೋಡಿಕೊಳ್ಳುವ ಗೆಳೆಯರು ಹೇಗಿತ್ತು ಎಂದು ಕೇಳುತ್ತಲೇ ಇದ್ದಾರೆ. ಕೊರತೆಗಳನ್ನೂ ಬರೆಯುತ್ತಿರುವುದರಿಂದ ತಂಡದ ಹೆಸರು ಹಾಕುವುದಿಲ್ಲ. ಬೆಳಗಿನ ಭಾಗ ಸಾಧಾರಣವಾಗಿತ್ತು. ಮಧ್ಯಾಹ್ನದ ಭಾಗಕ್ಕೆ ಇದರ ಎರಡು ಪಟ್ಟು ಹಣ ಕೊಟ್ಟರೂ ನಷ್ಟವಿಲ್ಲ.

ಬೆಳಿಗ್ಗೆ ಸಭಾಂಗಣದಲ್ಲಿ ಪರದೆಯ ಮೇಲೆ ಪಾಠ. ಪರದೆಯ ತುಂಬ ಇಂಗ್ಲಿಷ್ ಅಕ್ಷರ. ನಮ್ಮ ಆಯಾಗಳಲ್ಲಿ ಹಲವರು ಏಳನೇ ತರಗತಿಯವರೆಗೆ ಓದಿದವರು. ಕನ್ನಡ ಚೆನ್ನಾಗಿ ಓದುತ್ತಾರೆ, ಟ್ರಿಪ್ ಶೀಟ್ ಬರೆಯುತ್ತಾರೆ. ಅವರ ಮುಂದೆ ಇಂಗ್ಲಿಷ್ ಪಟ್ಟಿ ಹಾಕಿ ಬಾಯಲ್ಲಿ ಕನ್ನಡ ಹೇಳುತ್ತಾ ಹೋದರೆ ಅರ್ಧ ಪಾಠ ಪರದೆಯ ಮೇಲೇ ಉಳಿಯುತ್ತದೆ. ವಿಷಯವೂ ಬಹುಪಾಲು ಗೊತ್ತಿದ್ದದ್ದೇ. ಸುಪ್ರೀಂ ಕೋರ್ಟ್ 1997ರಲ್ಲಿ ಶಾಲಾ ಬಸ್ಸುಗಳ ಬಗ್ಗೆ ಕೊಟ್ಟ ನಿರ್ದೇಶನಗಳು: ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಭದ್ರವಾದ ಚಿಲಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಬಸ್ಸಿನ ಮೇಲೆ ಶಾಲೆಯ ಹೆಸರು ಮತ್ತು ದೂರವಾಣಿ ಸಂಖ್ಯೆ, ಜೊತೆಗೊಬ್ಬ ಸಹಾಯಕಿ. ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಲು ಬಸ್ಸನ್ನು ಆರ್‌ಟಿಒ ಕಚೇರಿಗೆ ಒಯ್ಯುವ ಚಾಲಕನಿಗೆ ಇದೆಲ್ಲ ಬಾಯಿಪಾಠ. ಇದಕ್ಕೆ ಕಾಲು ಗಂಟೆ ಸಾಕಿತ್ತು.

ಬೆಳಗಿನ ಹೊತ್ತಿನಲ್ಲಿ ಎಲ್ಲರನ್ನೂ ಎಚ್ಚರಿಸಿ ಕೂರಿಸಿದ್ದು ಒಂದು ನಿಜ ಘಟನೆ. 1976ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಸಣ್ಣ ಊರಿನಲ್ಲಿ ಮೂವರು ಶಸ್ತ್ರಧಾರಿಗಳು ಶಾಲಾ ಬಸ್ಸೊಂದನ್ನು ಅಡ್ಡಗಟ್ಟಿ, 26 ಮಕ್ಕಳನ್ನೂ ಚಾಲಕ ಎಡ್ ರೇ ಅವರನ್ನೂ ಅಪಹರಿಸಿದರು. ಕಲ್ಲುಕ್ವಾರಿಯೊಂದರಲ್ಲಿ ಹೂತಿಟ್ಟಿದ್ದ ಲಾರಿಯ ಪೆಟ್ಟಿಗೆಯೊಳಗೆ ಇಳಿಸಿ ಮೇಲೆ ಮಣ್ಣು ಮುಚ್ಚಿದರು. ಚಾಲಕರೂ ದೊಡ್ಡ ಹುಡುಗರೂ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಮುಚ್ಚಳ ಸರಿಸಿ, ಸುಮಾರು 16 ಗಂಟೆಗಳ ನಂತರ ಹೊರಬಂದರು. ಎಲ್ಲರೂ ಬದುಕಿದರು. ನಮ್ಮ ಚಾಲಕರು ಉಸಿರು ಬಿಗಿಹಿಡಿದು ಕೇಳಿದರು. ಆದರೆ ತುಮಕೂರಿನ ಶಾಲಾ ಬಸ್ಸಿಗೆ ಅಪಾಯ ಬರುವುದು ಮುಖಕ್ಕೆ ಮುಸುಕು ಹಾಕಿಕೊಂಡಲ್ಲ. ನಗುತ್ತಾ, ಮಗುವಿನ ಹೆಸರು ಹಿಡಿದು ಕರೆಯುತ್ತಾ ಬರುತ್ತದೆ. ತರಬೇತುದಾರರಿಗೂ ಇದು ಗೊತ್ತಿತ್ತು ಎಂಬುದು ಮಧ್ಯಾಹ್ನ ತಿಳಿಯಿತು.

ಊಟಕ್ಕೆ ಮುಂಚೆ ಬಾಂಬ್ ಬೆದರಿಕೆಯ ವಿಷಯ ಬಂತು. 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಗರ ಮತ್ತು ಹೊರವಲಯದ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬೆದರಿಕೆ ಇಮೇಲ್ ಬಂದದ್ದು ಎಲ್ಲರಿಗೂ ನೆನಪಿದೆ. ಅದು ಹುಸಿಯಾಯಿತು, ಆದರೆ ಆ ಬೆಳಿಗ್ಗೆ ಪೋಷಕರು ಶಾಲೆಗಳತ್ತ ಓಡಿದ್ದು ಹುಸಿಯಲ್ಲ. ಅಪರಿಚಿತ ಚೀಲ ಕಂಡರೆ ಮುಟ್ಟಬಾರದು, ಅದರ ಹತ್ತಿರ ನಿಂತು ಮೊಬೈಲ್ ಬಳಸಬಾರದು, ಮಕ್ಕಳನ್ನು ಇಳಿಸಿ ದೂರ ಕರೆದೊಯ್ದು 112ಕ್ಕೆ ಕರೆ ಮಾಡಬೇಕು: ಇವನ್ನು ಹೇಳಿಕೊಟ್ಟ ಮೇಲೆ ತರಬೇತುದಾರರು ಒಂದು ಪ್ರಶ್ನೆ ಹಾಕಿದರು. "ನೀವು ಕ್ಯಾತಸಂದ್ರ ದಾಟಿದ್ದೀರಿ, ಬಸ್ಸಿನ ತುಂಬ ಮಕ್ಕಳಿದ್ದಾರೆ. ಶಾಲೆಗೆ ಬರಬೇಡಿ ಎಂದು ಫೋನ್ ಬಂತು. ಎಲ್ಲಿಗೆ ಹೋಗುತ್ತೀರಿ?" ಒಬ್ಬ ಚಾಲಕ ರಸ್ತೆ ಬದಿಗೆ ನಿಲ್ಲಿಸುತ್ತೇನೆ ಎಂದ, ಇನ್ನೊಬ್ಬ ತಿರುಗಿಸಿ ಮಕ್ಕಳನ್ನು ಮನೆಗಳಿಗೆ ಬಿಡುತ್ತೇನೆ ಎಂದ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮನೆಯ ಮುಂದೆ ಎಲ್‌ಕೆಜಿ ಮಗುವನ್ನು ಇಳಿಸುವುದು ಹೇಗೆ? ಹೆದ್ದಾರಿ ಬದಿಯಲ್ಲಿ ಮಕ್ಕಳನ್ನು ಎಷ್ಟು ಹೊತ್ತು ಕೂರಿಸುವುದು? ಪ್ರತಿ ಮಾರ್ಗಕ್ಕೂ ಮೊದಲೇ ಒಂದು ಬದಲಿ ಜಾಗ ಗೊತ್ತು ಮಾಡಿ, ಅಲ್ಲಿನವರ ಒಪ್ಪಿಗೆ ಪಡೆದು, ಪೋಷಕರಿಗೂ ತಿಳಿಸಿಟ್ಟಿರಬೇಕು ಎಂದರು. ಈಗ ನಮ್ಮ ಪ್ರತಿ ಮಾರ್ಗದ ಹಾಳೆಯ ತಲೆಯಲ್ಲೂ ಅಂಥ ಒಂದು ಜಾಗದ ಹೆಸರಿದೆ: ಒಂದಕ್ಕೆ ಸಮುದಾಯ ಭವನ, ಇನ್ನೊಂದಕ್ಕೆ ಮತ್ತೊಂದು ಶಾಲೆಯ ಮೈದಾನ. ನಿಮ್ಮ ಶಾಲೆ ಯಾವ ತರಬೇತಿಗೂ ಹಣ ಕೊಡದಿದ್ದರೂ ಇದೊಂದನ್ನು ಮಾಡಿಕೊಳ್ಳಿ.

ಮಧ್ಯಾಹ್ನ ಎಲ್ಲರನ್ನೂ ಮೈದಾನಕ್ಕೆ, ನಿಜವಾದ ಬಸ್ಸಿಗೆ ಕರೆತಂದರು. ತರಬೇತಿ ಶುರುವಾದದ್ದೇ ಅಲ್ಲಿಂದ ಎನ್ನುತ್ತೇನೆ.

ಮೊದಲು ತರಬೇತುದಾರರು ಬಸ್ಸಿನ ಹೊರಗೆ ನಿಂತು, ಮುಂದಿನ ಗಾಜಿನ ಒಳಗೆ ಅಂಟಿಸಿದ್ದ ಹಾಳೆಯನ್ನು ಗಟ್ಟಿಯಾಗಿ ಓದಿದರು: ಮಕ್ಕಳ ಹೆಸರು, ತರಗತಿ, ಯಾವ ಸ್ಟಾಪ್, ಎಷ್ಟು ಗಂಟೆಗೆ. ಅನುಕೂಲಕ್ಕೆಂದು ಅಂಟಿಸಿದ ಹಾಳೆಯನ್ನು ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಯಾರು ಬೇಕಾದರೂ ಓದಬಹುದು. ಅದು ಆ ದಿನವೇ ಗಾಜಿನಿಂದ ಇಳಿದು ಆಯಾಗಳ ಕೈಯ ಫೈಲಿಗೆ ಸೇರಿತು.

ಆಮೇಲೆ ನಾಟಕ. ಬಸ್ಸು ಶಿರಾ ಗೇಟ್ ಸ್ಟಾಪಿನಲ್ಲಿದೆ ಎಂದು ಊಹೆ. ತಂಡದವರೊಬ್ಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಬಂದಿಳಿದು, "ನಾನು ಮಗುವಿನ ಚಿಕ್ಕಪ್ಪ. ಮನೆಯಲ್ಲಿ ಅಜ್ಜಿಗೆ ತುಂಬಾ ಹುಷಾರಿಲ್ಲ, ಬೇಗ ಕಳಿಸಿ" ಎನ್ನುತ್ತಾರೆ. ಮಗುವಿನ ಹೆಸರನ್ನೂ ಹೇಳುತ್ತಾರೆ. ಹೆಸರು ಅವರಿಗೆ ಸಿಕ್ಕಿದ್ದು ಕೊರಳಿನ ಗುರುತಿನ ಚೀಟಿಯಿಂದ. ಮೊದಲ ಸುತ್ತಿನಲ್ಲಿ ಹೆಚ್ಚಿನ ಆಯಾಗಳು ಮಗುವನ್ನು ಇಳಿಸಿಕೊಟ್ಟರು. ಅವರನ್ನು ದೂರಲು ನನಗೆ ಮನಸ್ಸು ಬಾರದು. ಜೀವನವಿಡೀ ಕಾರಿನವರ ಮಾತಿಗೆ ತಲೆಯಾಡಿಸಿ ಬಂದವರಿಗೆ, ಒಮ್ಮೆಗೇ ಬಾಗಿಲಲ್ಲಿ ಅಡ್ಡ ನಿಲ್ಲು ಎಂದರೆ ಆ ಧೈರ್ಯ ಎಲ್ಲಿಂದ ಬರಬೇಕು?

ತರಬೇತುದಾರರು ಯಾರನ್ನೂ ಗದರಲಿಲ್ಲ. ಮೂರು ವಾಕ್ಯ ಕಲಿಸಿದರು: "ಸರ್, ನಿಮ್ಮ ಹೆಸರು ನನ್ನ ಪಟ್ಟಿಯಲ್ಲಿಲ್ಲ. ಮಗು ಬಸ್ಸಿನಲ್ಲೇ ಇರುತ್ತದೆ. ಶಾಲೆಯ ಕಚೇರಿಗೆ ಫೋನ್ ಮಾಡಿ." ಬಾಗಿಲು ತೆರೆಯದೆ ಕಿಟಕಿಯಿಂದಲೇ ಮಾತು. ಪೋಷಕರಿಗೆ ಕರೆ ಮಾಡುವುದಾದರೆ ಬಂದವರು ಕೊಟ್ಟ ಸಂಖ್ಯೆಗಲ್ಲ, ಪಟ್ಟಿಯಲ್ಲಿರುವ ಸಂಖ್ಯೆಗೆ. ಚಾಲಕ ಸೀಟು ಬಿಟ್ಟು ಏಳಬಾರದು. ಆದರೆ ಅವನೂ ಗಟ್ಟಿಯಾಗಿ "ಅಕ್ಕ, ಹೊರಡೋಣ" ಎನ್ನಬೇಕು. ಆ ಒಂದು ಮಾತಿನಿಂದ ಆಯಾ ಒಂಟಿಯಾಗುವುದಿಲ್ಲ. ಗಂಡ ಹೆಂಡತಿ ಬೇರೆಯಾಗಿರುವ ಮನೆಗಳ ಪ್ರಶ್ನೆಯನ್ನು ನಮ್ಮ ಚಾಲಕನೊಬ್ಬ ಎತ್ತಿದ: ಬಂದವನು ನಿಜವಾಗಿಯೂ ತಂದೆಯೇ ಆಗಿದ್ದರೆ? ಉತ್ತರ ಸ್ಪಷ್ಟವಾಗಿತ್ತು. ಮುಖ ಪರಿಚಯ ಮುಖ್ಯವಲ್ಲ, ಪಟ್ಟಿ ಮುಖ್ಯ. ಪಟ್ಟಿಯಲ್ಲಿ ಯಾರಿರಬೇಕೆಂದು ತೀರ್ಮಾನಿಸುವುದು ಶಾಲೆ, ಬಸ್ಸಿನವರಲ್ಲ.

ಎರಡನೇ ಸುತ್ತಿನಲ್ಲಿ ಆ "ಚಿಕ್ಕಪ್ಪ" ಏಕವಚನಕ್ಕೆ ಇಳಿದರು. "ನಾನು ಯಾರೆಂದು ಗೊತ್ತೇನು ನಿನಗೆ? ನಾಳೆ ನಿನ್ನ ಕೆಲಸ ಇರುವುದಿಲ್ಲ!" ಗುಬ್ಬಿ ಗೇಟ್ ಮಾರ್ಗದ ನಮ್ಮ ಹಿರಿಯ ಆಯಾ ಕಿಟಕಿಯ ಸರಳು ಹಿಡಿದು ಹೇಳಿದರು: "ಕೆಲಸ ಹೋದರೆ ಹೋಗಲಿ ಸ್ವಾಮಿ. ಮಗು ಹೋದರೆ ಅದರ ತಾಯಿಗೆ ನಾನೇನು ಹೇಳಲಿ?" ಬಸ್ಸಿನೊಳಗೆ ಚಪ್ಪಾಳೆ ಬಿತ್ತು. ನನ್ನ ಕಣ್ಣು ಒದ್ದೆಯಾಯಿತು.

ಕೊನೆಯದು ಖಾಲಿ ಬಸ್ಸಿನ ತಪಾಸಣೆ. 2022ರ ಸೆಪ್ಟೆಂಬರ್‌ನಲ್ಲಿ ಕತಾರ್‌ನಲ್ಲಿ ಕೇರಳ ಮೂಲದ ನಾಲ್ಕು ವರ್ಷದ ಬಾಲಕಿಯೊಬ್ಬಳು ಶಾಲಾ ಬಸ್ಸಿನಲ್ಲೇ ನಿದ್ದೆ ಹೋಗಿ, ಗಮನಿಸದೆ ಬಾಗಿಲು ಹಾಕಿಕೊಂಡು ಹೋದದ್ದರಿಂದ ಬಿಸಿಲಿನಲ್ಲಿ ಜೀವ ಬಿಟ್ಟಳು. ಅಂದು ಅವಳ ಹುಟ್ಟುಹಬ್ಬ. ಇದನ್ನು ಹೇಳಿ, ಮಗುವಿನ ಗಾತ್ರದ ಗೊಂಬೆಯೊಂದನ್ನು ಹಿಂದಿನ ಸೀಟಿನ ಕೆಳಗೆ ಮಲಗಿಸಿಟ್ಟು ಹುಡುಕಿಸಿದರು. ಬಾಗಿಲ ಬಳಿ ನಿಂತು ಕಣ್ಣು ಹಾಯಿಸಿದವರಿಗೆ ಗೊಂಬೆ ಕಾಣಲಿಲ್ಲ. ಹಿಂದಿನವರೆಗೆ ನಡೆದು, ಬಗ್ಗಿ ನೋಡಿದವರಿಗೆ ಕಂಡಿತು. ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಆಯಾ ಹಿಂದಿನವರೆಗೆ ನಡೆದು, ಅಲ್ಲಿ ತೂಗುಹಾಕಿದ ಬಿಲ್ಲೆಯನ್ನು ತಂದು ನನ್ನ ಕೈಗೆ ಕೊಡಬೇಕು. ಬಿಲ್ಲೆ ಬಾರದೆ ಬೀಗದ ಕೈ ಒಳಗೆ ತೆಗೆದುಕೊಳ್ಳುವುದಿಲ್ಲ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಬಗ್ಗೆ ಮಾತಾಡಿದ ರೀತಿಯೂ ಹಿಡಿಸಿತು. ಚಾಲಕರನ್ನೆಲ್ಲ ಅನುಮಾನದಿಂದ ನೋಡುವ ಧಾಟಿ ಇರಲಿಲ್ಲ. ಮಗುವಿಗೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದವರು, ಆಗಬಹುದೆಂಬ ಆತಂಕವಿದ್ದವರು ಪೊಲೀಸರಿಗೆ ತಿಳಿಸಲೇಬೇಕು. 2012ರ ಕಾಯ್ದೆಯ 19ನೇ ಕಲಂ ಹೀಗೆ ಹೇಳುತ್ತದೆ, ಮುಚ್ಚಿಟ್ಟರೆ 21ನೇ ಕಲಂ ಪ್ರಕಾರ ಶಿಕ್ಷೆಯಿದೆ. ಆಯಾಗೂ ಅದೇ, ಪ್ರಾಂಶುಪಾಲರಿಗೂ ಅದೇ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಎಲ್ಲರ ಮೊಬೈಲಿನಲ್ಲೂ ಅಲ್ಲೇ ಸೇರಿಸಿದರು.

ದೊಡ್ಡ ಕೊರತೆ ಎಂದರೆ ಆಡಳಿತ ಮಂಡಳಿಯವರನ್ನು ಕೂರಿಸಬೇಕೆಂದು ತಂಡ ಕೇಳಲೇ ಇಲ್ಲ. ಬೆದರಿಸಿದವನು ಮರುದಿನ ದೂರು ಹಿಡಿದು ಕಚೇರಿಗೆ ಬಂದಾಗ, "ನಮ್ಮ ಆಯಾ ಮಾಡಿದ್ದು ಸರಿ" ಎಂದು ಹೇಳಬೇಕಾದವರು ಅವರು. ಆ ಮಾತು ಬರವಣಿಗೆಯಲ್ಲಿ ಇರಬೇಕೆಂದು ನಾನು ಕೇಳಿ ಬರೆಸಿಕೊಂಡೆ. ಆ ಸುತ್ತೋಲೆಯ ಪ್ರತಿ ಎಲ್ಲ ಆಯಾಗಳ ಫೈಲಿನಲ್ಲೂ ಇದೆ. ಇನ್ನೊಂದು, ತರಬೇತಿಯ ದಿನವನ್ನು ರಜೆಯ ದಿನವೆಂದು ಬಿಟ್ಟಿ ಕರೆಸಬೇಡಿ. ನಾವು ಪೂರ್ತಿ ದಿನದ ಸಂಬಳ ಕೊಟ್ಟೆವು.

ಮುಂದಿನ ವರ್ಷವೂ ಇದೇ ತಂಡವನ್ನು ಕರೆಸುತ್ತೇನೆ. ಫೋನಿನಲ್ಲಿ ಆಗಲೇ ಹೇಳಿದ್ದೇನೆ: ಪರದೆ ಬೇಡ, ಬೆಳಿಗ್ಗೆ ಒಂಬತ್ತಕ್ಕೇ ಬಸ್ಸಿನಲ್ಲಿ ಶುರು ಮಾಡಿ, ಕೊಡುವ ಕಾಗದಗಳೆಲ್ಲ ಕನ್ನಡದಲ್ಲಿರಲಿ. ಅವರು ಒಪ್ಪಿದ್ದಾರೆ, ಶುಲ್ಕವೂ ಅಷ್ಟೇ.