ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ಕಾಗ್ನಿಟಿವ್ ರೇಡಿಯೊ ಲ್ಯಾಬಿಗೆ ಕೊಳ್ಳಬಹುದೆ?

ಮೈಸೂರಿನಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಕಾಗ್ನಿಟಿವ್ ರೇಡಿಯೊ ಕಲಿಸುತ್ತೇನೆ. ಲೈಸೆನ್ಸ್ ಇರುವವರು ಬಳಸದೆ ಬಿಟ್ಟ ತರಂಗಾಂತರವನ್ನು ಬೇರೆಯವರು ಬಳಸಬೇಕು, ಒಡೆಯ ಬಂದ ಕೂಡಲೇ ಜಾಗ ಬಿಡಬೇಕು. ಬೋರ್ಡಿನ ಮೇಲೆ ವಿಷಯ ಇಷ್ಟೇ. "ಖಾಲಿ ಇದೆ ಅಂತ ಗೊತ್ತಾಗೋದು ಹೇಗೆ ಸರ್?" ಎಂಬ ಪ್ರಶ್ನೆ ಬಂದಾಗ ಕೈಗೆ ಬರಬೇಕಾದ್ದು ಲ್ಯಾಪ್‌ಟಾಪಿಗೆ ಚುಚ್ಚಿ, ಸಾಫ್ಟ್‌ವೇರ್ ಮೂಲಕ ರೇಡಿಯೊ ಸಿಗ್ನಲ್ ಆಲಿಸುವ ಈ ಪುಟ್ಟ ಯುಎಸ್‌ಬಿ ಡಾಂಗಲ್.

ಒಳಗಿನ ಆರ್‌ಟಿಎಲ್2832ಯು ಚಿಪ್ ಡಿಜಿಟಲ್ ಟಿವಿಗಾಗಿ ಮಾಡಿದ್ದು. ಅದರಿಂದ ಕಚ್ಚಾ ಸ್ಯಾಂಪಲ್ (ಸಿಗ್ನಲನ್ನು ಅಳೆದು ಬಂದ ಅಂಕಿಗಳನ್ನು ಹಾಗೇ) ತೆಗೆಯುವ ದಾರಿಯನ್ನು 2012ರಲ್ಲಿ ಹವ್ಯಾಸಿಗಳು ಎಲ್ಲರಿಗೂ ತೆರೆದಿಟ್ಟರು. ಲಕ್ಷಗಳ ಉಪಕರಣ ಕೊಳ್ಳಲಾಗದ ಕಾಲೇಜುಗಳಿಗೆ ಅದು ದೊಡ್ಡ ಉಪಕಾರ. 100.6 ಮೆಗಾಹರ್ಟ್ಜ್‌ಗೆ ಟ್ಯೂನ್ ಮಾಡಿದರೆ ಆಕಾಶವಾಣಿ ಮೈಸೂರು ಪರದೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಹಾಡು ಬಂದರೆ ಪಟ್ಟಿ ಹರಡುತ್ತದೆ, ಉದ್ಘೋಷಕರು ಉಸಿರು ತೆಗೆದುಕೊಂಡರೆ ಕುಗ್ಗುತ್ತದೆ.

ಮಿತಿಗಳಿವೆ. ಒಮ್ಮೆಗೆ ನೆಚ್ಚಿ ನೋಡಬಹುದಾದ ಆವರ್ತನ ಪಟ್ಟಿಯ ಅಗಲ 2.4 ಮೆಗಾಹರ್ಟ್ಜ್ ಮಾತ್ರ. ಸಿಗ್ನಲನ್ನು ಅಳೆಯುವ ಸೂಕ್ಷ್ಮತೆ 8 ಬಿಟ್ ಅಷ್ಟೇ ಆದ್ದರಿಂದ ಪಕ್ಕದ ಜೋರಾದ ಸ್ಟೇಷನ್ನು ಕ್ಷೀಣ ಸಿಗ್ನಲನ್ನು ಮುಚ್ಚಿಬಿಡುತ್ತದೆ. ಪ್ರಸಾರ ಮಾಡಲು ಬರುವುದಿಲ್ಲ, ಕೇಳುವುದಷ್ಟೇ. ಎನರ್ಜಿ ಡಿಟೆಕ್ಷನ್ ಮಾಡುವಾಗ, ಅಂದರೆ ಸಿಗ್ನಲಿನ ಶಕ್ತಿ ಅಳೆದು ಚಾನೆಲ್ ಭರ್ತಿಯೋ ಖಾಲಿಯೋ ಎಂದು ತೀರ್ಮಾನಿಸುವಾಗ, ಸಿಗ್ನಲಿನ ವರ್ಧನೆಯನ್ನು ತಾನೇ ಏರಿಳಿಸುವ ಆಟೋ ಗೇನ್ ಆಫ್ ಮಾಡಿ. ಇಲ್ಲದಿದ್ದರೆ ನಾಯ್ಸ್ ಮಟ್ಟವೇ ಏರಿಳಿದು, ಭರ್ತಿ-ಖಾಲಿ ನಡುವೆ ಇಟ್ಟ ಗಡಿಗೆ (ಥ್ರೆಶೋಲ್ಡ್) ಅರ್ಥವಿರುವುದಿಲ್ಲ.

ಆದರೂ ನನಗೆ ಇದು ಇಷ್ಟವಾಗಲು ಕಾರಣ ಟೆರೇಸ್ ಪ್ರಯೋಗ. ನೆಲಮಹಡಿಯ ಲ್ಯಾಬಿನಲ್ಲಿ, ಕಾಂಕ್ರೀಟ್ ಗೋಡೆಗಳ ನಡುವೆ, ದೂರದ ಒಂದು ಎಫ್‌ಎಂ ಚಾನೆಲ್ ಖಾಲಿ ಎಂದು ಪ್ರೋಗ್ರಾಂ ಹೇಳುತ್ತದೆ. ಅದೇ ಲ್ಯಾಪ್‌ಟಾಪ್, ಅದೇ ಆಂಟೆನಾ ಟೆರೇಸಿಗೆ ಒಯ್ದರೆ ಅಲ್ಲಿ ಸ್ಟೇಷನ್ ಎದ್ದು ನಿಂತಿರುತ್ತದೆ. ಲ್ಯಾಬಿನ ಮಾತು ನಂಬಿ ಪ್ರಸಾರ ಮಾಡಿದ್ದರೆ ಸುತ್ತಲಿನ ಕೇಳುಗರಿಗೆ ಅಡ್ಡಿಯಾಗುತ್ತಿತ್ತು. ಟಿವಿಯ ಖಾಲಿ ಚಾನೆಲ್‌ಗಳಿಗಾಗಿ ಬಂದ ಐಇಇಇ (ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ) 802.22 ಮಾನಕವು ಡಿಜಿಟಲ್ ಟಿವಿಯನ್ನು ತೀರಾ ಕ್ಷೀಣ ಮಟ್ಟದಲ್ಲೂ ಪತ್ತೆಹಚ್ಚಬೇಕೆಂದು ಯಾಕೆ ಹಟ ಹಿಡಿಯಿತು, ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2010ರಲ್ಲಿ ಆಲಿಸುವ ಕಡ್ಡಾಯ ಬಿಟ್ಟು ಸ್ಥಳವಾರು ಡೇಟಾಬೇಸನ್ನು ಯಾಕೆ ನೆಚ್ಚಿಕೊಂಡಿತು ಎಂಬುದು ಆ ಮೆಟ್ಟಿಲು ಹತ್ತಿದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವುದಾದರೆ ಲೋಹದ ಕವಚ, ಟಿಸಿಎಕ್ಸ್‌ಒ (ತಾಪ ಬದಲಾದರೂ ಆವರ್ತನವನ್ನು ಸ್ಥಿರವಾಗಿಡುವ ಆಂದೋಲಕ) ಇರುವುದನ್ನೇ ಕೊಳ್ಳಿ. ಇಲ್ಲದವು ಬಿಸಿಯಾದಂತೆ ಆವರ್ತನ ಜಾರುತ್ತದೆ. ಒಂದರ ಬದಲು ಮೂರು ತರಿಸಿ. ಬೇರೆ ಬೇರೆ ಮಹಡಿಗಳಲ್ಲಿಟ್ಟು, ಒಂದಕ್ಕೆ ಕಂಡರೂ ಚಾನೆಲ್ ಭರ್ತಿ ಎಂಬ ನಿಯಮ ಹಾಕಿದರೆ, ಕೂಡಿ ಆಲಿಸುವ ಪಾಠವೂ ಆ ಖರ್ಚಿನಲ್ಲೇ ಮುಗಿಯುತ್ತದೆ.