ನನ್ನ ರೊಟ್ಟಿಗೆ ಬ್ಯಾರೆ ಹಂಚು

ನನಗ ಸೀಲಿಯಾಕ್ ಅನ್ನೋ ಕಾಯಿಲೆ ಐತ್ರಿ. ಗೋಧಿಯೊಳಗಿನ ಗ್ಲುಟೆನ್ ಅನ್ನೋ ಪ್ರೋಟೀನ್ ಚೂರು ಹೋದ್ರೂ ಸಣ್ಣ ಕರುಳಿಗೆ ಪೆಟ್ಟು. ಎರಡು ವರ್ಷ ಆಫೀಸಿನ್ಯಾಗ ಯಾರಿಗೂ ಹೇಳಿರಲಿಲ್ಲ, ಊಟಕ್ಕ ಕರದ್ರ 'ಇವತ್ತು ಒಪ್ಪತ್ತು' ಅಂತಿದ್ದೆ. ಹೋದ ತಿಂಗಳು ಮ್ಯಾನೇಜರ್ ಸಾಹೇಬ್ರಿಗೆ ಹೇಳೇಬಿಟ್ಟೆ. ಟೀಮಿನ ಊಟಾನ ಹುಬ್ಬಳ್ಳಿ ಗೋಕುಲ ರಸ್ತೆಯ ಈ ಖಾನಾವಳಿಗೆ ಬದಲಿಸಿದ್ರು.

ಮಾಲಕಿ ಅಕ್ಕಾರು ನನ್ನ ಮಾತು ಪೂರಾ ಕೇಳಿದ್ರು. ಚಪಾತಿ ಹಂಚು ಬಿಟ್ಟು ಬ್ಯಾರೆ ಹಂಚಿನ ಮ್ಯಾಲೆ ಜೋಳದ ರೊಟ್ಟಿ. ಇಂಗಿನ ಡಬ್ಬಿ ತಂದು 'ನೀವ ಓದ್ರಿ' ಅಂದ್ರು. ಸಣ್ಣ ಅಕ್ಷರದಾಗ ಗೋಧಿ ಹಿಟ್ಟು ಅಂತ ಇತ್ತು. ನನಗ ಬರೇ ಬಳ್ಳೊಳ್ಳಿ ಒಗ್ಗರಣಿ. ಎಣಗಾಯಿ ಭಾಳ ರುಚಿ, ಖಾರ ತುಸು ಹೆಚ್ಚು. ಒಂದು ಗಂಟೆ ಮ್ಯಾಲೆ ಗದ್ದಲ, ಮೊದಲೇ ಫೋನ್ ಮಾಡ್ರಿ.

ಬಾಜೂಕ ಕುಂತ ಗೆಳೆಯ, ಏನೂ ಕೇಳದ, ತನ್ನ ಚಪಾತಿ ತಾಟು ಆಚೆ ಸರಿಸಿದ.