ಉರಿಯೋ, ಕೆಂಡವೋ: ಮಾರ್ಷ್‌ಮ್ಯಾಲೋ ಸುಟ್ಟ ಮೂರು ರಾತ್ರಿಗಳ ಹೋಲಿಕೆ

ಕಳೆದ ಡಿಸೆಂಬರಿನಲ್ಲಿ ಸಕಲೇಶಪುರದ ಸಮೀಪವಿರುವ ಗೆಳೆಯನ ಕಾಫಿ ತೋಟದಲ್ಲಿ ನಾವು ಐವರು ಹಳೆಯ ಸಹಪಾಠಿಗಳು ಮೂರು ರಾತ್ರಿ ತಂಗಿದ್ದೆವು. ಹಣ್ಣು ಕೊಯ್ಲಿನ ಕಾಲವಾದ್ದರಿಂದ ಹಗಲಿಡೀ ಗೆಳೆಯ ಕಣದ ಕೆಲಸದಲ್ಲಿ ಮುಳುಗಿರುತ್ತಿದ್ದ. ಕತ್ತಲಾದ ಮೇಲೆ ಮನೆಯ ಹಿಂದಿನ ಬಯಲಿನಲ್ಲಿ, ಒಣಗಲು ಹರವಿದ ಕಾಫಿಯಿಂದ ಸಾಕಷ್ಟು ದೂರದಲ್ಲಿ, ಸೌದೆ ಒಟ್ಟಿ ಚಳಿ ಕಾಯಿಸುತ್ತ ಕೂರುತ್ತಿದ್ದೆವು. ನಮ್ಮಲ್ಲೊಬ್ಬ ಬೆಂಗಳೂರಿನಿಂದ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿಯ ಎರಡು ಬಗೆಯ ಪೊಟ್ಟಣಗಳನ್ನು ತಂದಿದ್ದ. ಮೊದಲ ರಾತ್ರಿ ಅರ್ಧ ಪೊಟ್ಟಣ ಕರಿಯಾಗಿ ಹೋದದ್ದನ್ನು ಕಂಡ ಮೇಲೆ, ಉಳಿದುದನ್ನಾದರೂ ಒಂದು ಕ್ರಮದಲ್ಲಿ ಸುಟ್ಟು ನೋಡೋಣವೆಂದು ನಿಶ್ಚಯಿಸಿದೆವು. ಉರಿಗೂ ಕೆಂಡಕ್ಕೂ, ಮಿಠಾಯಿಯನ್ನು ಹಿಡಿದಿಡುವ ಅಂಟಾದ ಜೆಲಾಟಿನ್ ಇರುವುದಕ್ಕೂ ಇಲ್ಲದ್ದಕ್ಕೂ, ಹಸಿ ಕಡ್ಡಿಗೂ ಉಕ್ಕಿನ ಸಲಾಕೆಗೂ ಏನು ವ್ಯತ್ಯಾಸವೆಂಬುದನ್ನು ಹೀಗೆ ಒಂದರ ಪಕ್ಕ ಒಂದನ್ನಿಟ್ಟು ಗಮನಿಸಿದ ವಿವರ ಇದು.

ಉರಿಯ ದೊಡ್ಡ ಆಕರ್ಷಣೆ ಅದರ ವೇಗ. ನಾಲಿಗೆ ಚಾಚಿದ ಜ್ವಾಲೆಯೊಳಗೆ ಕಡ್ಡಿಯನ್ನು ಹಿಡಿದರೆ ಐದಾರು ಸೆಕೆಂಡುಗಳಲ್ಲಿ ಮಾರ್ಷ್‌ಮ್ಯಾಲೋ ತಾನೇ ಹೊತ್ತಿಕೊಂಡು ಪುಟ್ಟ ಪಂಜಾಗುತ್ತದೆ. ಊದಿ ಆರಿಸಿದಾಗ ಹೊರಗೆ ಕಾಗದದಷ್ಟು ತೆಳ್ಳನೆಯ ಕರಿ ಹೊಟ್ಟು ಉಳಿದಿರುತ್ತದೆ. ಕಚ್ಚಿದರೆ ಮೊದಲು ಕಹಿ, ಆಮೇಲೆ ಸ್ವಲ್ಪ ಅಂಟು, ನಡುವಿನಲ್ಲಿ ಪೊಟ್ಟಣದಿಂದ ಈಗಷ್ಟೇ ತೆಗೆದಂತಿರುವ ತಣ್ಣನೆಯ ಹಸಿ ತಿರುಳು. ಅದರ ಮೇಲೆ ಹೊಗೆಯ ಮಸಿ ಬೇರೆ. ನಮ್ಮ ಸೌದೆಯಲ್ಲಿ ಸಿಲ್ವರ್ ಓಕ್ ಕೊಂಬೆಗಳೇ ಹೆಚ್ಚಾಗಿದ್ದವು. ಅವು ಬೇಗ ಹೊತ್ತಿ ಎತ್ತರಕ್ಕೆ ಉರಿದವೇ ಹೊರತು ನಿಲ್ಲುವಂಥ ಕೆಂಡವನ್ನು ಕೊಡಲಿಲ್ಲ.

ಎರಡನೆಯ ರಾತ್ರಿ ಗೆಳೆಯನ ತಾಯಿ ಹಿತ್ತಿಲ ಬಾಗಿಲಲ್ಲಿ ನಿಂತು ನಮ್ಮ ಸಾಹಸವನ್ನು ತುಸು ಹೊತ್ತು ನೋಡಿ, “ಅಲ್ರೋ, ಹಲಸಿನ ಹಪ್ಪಳಾನ ಯಾರಾದ್ರೂ ಉರಿ ಮೇಲೆ ಸುಡ್ತಾರಾ? ಕೆಂಡ ಆಗೋತನಕ ತಡ್ಕೊಳ್ಳಿ” ಎಂದರು. ಇಷ್ಟು ಸರಳವಾದ ಸಂಗತಿ ಐದು ಪದವೀಧರರಿಗೆ ಹೊಳೆದಿರಲಿಲ್ಲ. ಅವರ ಮಾತಿನಂತೆ ಸಿಲ್ವರ್ ಓಕ್ ಬಿಟ್ಟು, ಕಿತ್ತು ಒಣಗಿಸಿಟ್ಟಿದ್ದ ಹಳೆಯ ಕಾಫಿ ಗಿಡಗಳ ಬೊಡ್ಡೆಗಳನ್ನು ಹಾಕಿದೆವು. ಅವು ಹೊತ್ತಿಕೊಳ್ಳಲು ಸತಾಯಿಸಿದವು. ಆದರೆ ಒಂದೂವರೆ ಗಂಟೆಯ ನಂತರ ನಿಗಿನಿಗಿ ಕೆಂಡದ ಹಾಸನ್ನೇ ಬಿಟ್ಟುಕೊಟ್ಟವು. ಅದನ್ನು ಒಂದು ಬದಿಗೆ ಎಳೆದು, ಇನ್ನೊಂದು ಬದಿಯಲ್ಲಿ ಬೆಳಕಿಗೂ ಚಳಿಗೂ ಬೇಕಾದ ಉರಿಯನ್ನು ಉಳಿಸಿಕೊಂಡೆವು.

ಕೆಂಡದಿಂದ ಅರ್ಧ ಗೇಣು ಮೇಲೆ ಹಿಡಿದು, ಜೋಳದ ತೆನೆಯನ್ನು ತಿರುಗಿಸುವಂತೆ ನಿಧಾನವಾಗಿ ತಿರುಗಿಸುತ್ತಿದ್ದರೆ ಮೊದಲ ಅರ್ಧ ನಿಮಿಷ ಏನೂ ಆಗದು. ಆಮೇಲೆ ಮೈಯ ಬಿಳುಪು ಮಂಕಾಗುತ್ತದೆ, ಪೊಟ್ಟಣದ ಪುಡಿಪುಡಿಯಾದ ಮೇಲ್ಮೈ ನುಣುಪಾಗಿ ಮಿನುಗತೊಡಗುತ್ತದೆ, ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಇಡೀ ತುಂಡು ಉಬ್ಬುತ್ತದೆ. ಬಣ್ಣ ಮೊದಲು ಅಂಚುಗಳಲ್ಲಿ ಏರುತ್ತದೆ: ಹಾಲಿನ ಕೆನೆಯ ಬಣ್ಣ, ನಂತರ ತುಪ್ಪದಲ್ಲಿ ಹುರಿದ ಗೋಡಂಬಿಯ ಬಣ್ಣ. ಸಕ್ಕರೆ ಕಂದಾಗಬೇಕಾದರೆ ಹೊರಮೈ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಒಳಗಿನ ಜೆಲಾಟಿನ್ ಕರಗಲು 35 ಡಿಗ್ರಿಯ ಆಸುಪಾಸು ಸಾಕು. ಉರಿಯಲ್ಲಿ ಹೊರಮೈ ಆ 160 ಡಿಗ್ರಿಯನ್ನು ಕ್ಷಣದಲ್ಲಿ ದಾಟಿ ಇದ್ದಿಲಾಗುತ್ತದೆ, ಒಳಕ್ಕೆ ಶಾಖ ಇಳಿಯಲು ಸಮಯವೇ ಸಿಗುವುದಿಲ್ಲ; ಕೆಂಡದ ಮೇಲಿನ ಎರಡು ನಿಮಿಷಗಳಲ್ಲಿ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ. ಉಬ್ಬಿದ ತುಂಡು ಕಡ್ಡಿಯ ಮೇಲೆ ಇನ್ನೇನು ಜೋಲುತ್ತದೆ ಎನ್ನುವಾಗ ತೆಗೆಯುವುದೇ ಹದ. ಇದು ಪಾಕದ ಎಳೆ ನೋಡುವಷ್ಟೇ ಸೂಕ್ಷ್ಮ; ಐದು ಸೆಕೆಂಡು ತಡವಾದರೂ ಕೆಂಡಕ್ಕೆ ನೈವೇದ್ಯ.

ಉರಿಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮಲ್ಲೊಬ್ಬ ಬೇಕೆಂದೇ ಹೊತ್ತಿಸಿ, ಆರಿಸಿ, ಕರಿ ಸಿಪ್ಪೆಯನ್ನು ಬೆರಳ ತುದಿಯಿಂದ ಟೊಪ್ಪಿಗೆಯಂತೆ ಇಡಿಯಾಗಿ ಕಳಚಿ ತಿಂದು, ಕಡ್ಡಿಯಲ್ಲಿ ಉಳಿದ ತಿರುಳನ್ನು ಮತ್ತೆ ಸುಡುತ್ತಿದ್ದ. ಒಂದರಿಂದ ಮೂರು ಸಿಪ್ಪೆ ತೆಗೆದ. ಕಹಿ ಇಷ್ಟಪಡುವವರಿಗೆ ಅದೊಂದು ದಾರಿಯೇ. ಆದರೆ ಅವನೇ ಒಮ್ಮೆ ಹೊತ್ತಿಕೊಂಡ ತುಂಡನ್ನು ಊದುವ ಬದಲು ಬೀಸಿ ಆರಿಸಲು ಹೋಗಿ, ಅದು ಕಡ್ಡಿ ಬಿಟ್ಟು ಹಾರಿ ನನ್ನ ಸ್ವೆಟರಿನ ತೋಳಿಗೆ ಅಂಟಿಕೊಂಡಿತು. ಕರಗಿದ ಸಕ್ಕರೆ ಬಿಸಿ ನೀರಿನಂತೆ ಜಾರಿ ಹೋಗುವುದಿಲ್ಲ, ಅಂಟಿಕೊಂಡಲ್ಲೇ ಸುಡುತ್ತದೆ. ಉಣ್ಣೆ ದಪ್ಪಗಿದ್ದುದರಿಂದ ನನ್ನ ಚರ್ಮ ಉಳಿಯಿತು, ಸ್ವೆಟರ್ ಉಳಿಯಲಿಲ್ಲ.

ಇನ್ನು ಪೊಟ್ಟಣಗಳ ವಿಷಯ. ಒಂದರ ಮೇಲೆ ಮಾಂಸಾಹಾರದ ಕಂದು ಗುರುತಿತ್ತು, ಇನ್ನೊಂದರ ಮೇಲೆ ಹಸಿರು ಚುಕ್ಕೆ. ಸಾಮಾನ್ಯ ಮಾರ್ಷ್‌ಮ್ಯಾಲೋ ಎಂದರೆ ಸಕ್ಕರೆ ಮತ್ತು ಗ್ಲೂಕೋಸ್ ಪಾಕಕ್ಕೆ ಜೆಲಾಟಿನ್ ಸೇರಿಸಿ ಗಾಳಿ ತುಂಬುವಂತೆ ಕಡೆದದ್ದು. ಜೆಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಬರುವುದರಿಂದ ಆ ಕಂದು ಗುರುತು. ನಮ್ಮ ಪೈಕಿ ಇಬ್ಬರು ಸಸ್ಯಾಹಾರಿಗಳು. ಅವರಲ್ಲೊಬ್ಬ ಇದನ್ನು ಹತ್ತಿಯ ಮಿಠಾಯಿಯ ಸೋದರನೆಂದು ತಿಳಿದು ಎಷ್ಟೋ ವರ್ಷ ತಿಂದಿದ್ದನಂತೆ. ಪೊಟ್ಟಣದ ಹಿಂಬದಿ ಓದಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅವನಿಗೆ ಸಮಾಧಾನವಾಗಲೆಂದು ನಾನು ಹೇಳಿದ್ದು ಸುಳ್ಳಲ್ಲ: ಮಾರ್ಷ್‌ಮ್ಯಾಲೋ ಮೂಲತಃ ಒಂದು ಗಿಡದ ಹೆಸರು, ನಮ್ಮ ದಾಸವಾಳ ಮತ್ತು ಬೆಂಡೆಯ ಕುಟುಂಬಕ್ಕೇ ಸೇರಿದ್ದು, ಅದರ ಬೇರಿನ ಲೋಳೆಯಿಂದಲೇ ಈ ತಿನಿಸು ಮೊದಲು ತಯಾರಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಉಳಿದಿರುವುದು ಆ ಹೆಸರು ಮಾತ್ರ.

ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಜೆಲಾಟಿನ್ ಬದಲು ಕಡಲ ಪಾಚಿಯಿಂದ ತೆಗೆಯುವ ಕ್ಯಾರಗೀನನ್ ಇತ್ತು. ಬೆಂಕಿಯ ಮುಂದೆ ಇವೆರಡರ ಸ್ವಭಾವವೇ ಬೇರೆ. ಜೆಲಾಟಿನ್‌ನದ್ದು ಉಬ್ಬಿ, ಹೊರಗೆ ಗರಿಯಾಗಿ, ಒಳಗೆ ಎಳೆಎಳೆಯಾಗಿ ಕರಗಿತು. ಬಾಯಿಯ ಬಿಸಿಗೇ ಅದು ಕರಗುವುದರಿಂದ ನಾಲಿಗೆಯ ಮೇಲೆ ಏನೂ ಉಳಿಯಲಿಲ್ಲ. ಸಸ್ಯಾಹಾರಿಯದ್ದು ಕಡಿಮೆ ಉಬ್ಬಿತು, ಒಳಭಾಗ ಬಿಸಿಯಾದರೂ ಆಕಾರ ಬಿಡದೆ ಮೆತ್ತನೆಯ ಗಟ್ಟಿಯಾಗಿಯೇ ಇತ್ತು, ಎಳೆ ಬರಲಿಲ್ಲ. ಹೊರಮೈ ಮಾತ್ರ ಚೆನ್ನಾಗಿಯೇ ಕಂದಾಯಿತು. ಕಡ್ಡಿಯಿಂದ ಜಾರಿ ಬೀಳುವ ಭಯವಿಲ್ಲದ ಕಾರಣ ಮಕ್ಕಳ ಕೈಗೆ ಕೊಡುವುದಾದರೆ ಇದೇ ಮೇಲು. ರುಚಿಯೊಂದನ್ನೇ ಕೇಳಿದರೆ ನಾನು ಜೆಲಾಟಿನ್ ಕಡೆಗೇ ವಾಲುತ್ತೇನೆ. ಐವರಲ್ಲಿ ಇಬ್ಬರು ತಿನ್ನಲಾಗದ ತಿನಿಸನ್ನು ನಡುವೆ ಇಟ್ಟುಕೊಂಡು ಕೂರುವುದು ನನಗೆ ಇಷ್ಟವಿಲ್ಲವಾದ್ದರಿಂದ, ಮುಂದಿನ ಸಲ ಕೊಳ್ಳುವುದು ಮಾತ್ರ ಹಸಿರು ಚುಕ್ಕೆಯದ್ದನ್ನೇ.

ಕಡ್ಡಿಯ ಆಯ್ಕೆಯಲ್ಲಿ ಅಷ್ಟು ಗೊಂದಲವಿರಲಿಲ್ಲ. ಪೇಟೆಯಿಂದ ತಂದ ಉಕ್ಕಿನ ಸಲಾಕೆಗಳು ನೋಡಲು ಅಚ್ಚುಕಟ್ಟು, ತೊಳೆಯಲು ಸುಲಭ. ಆದರೆ ಲೋಹ ಬಿಸಿಯಾಗಿ ಮಾರ್ಷ್‌ಮ್ಯಾಲೋವನ್ನು ಒಳಗಿನಿಂದ ಕರಗಿಸುವುದರಿಂದ ತುಂಡು ಸಡಿಲವಾಗಿ ಸುತ್ತುತ್ತದೆ: ಸಲಾಕೆ ತಿರುಗಿದರೂ ಅದು ತಿರುಗದೆ ಒಂದೇ ಮಗ್ಗುಲಲ್ಲಿ ಸುಡುತ್ತದೆ. ಕಾಫಿ ಗಿಡದಿಂದ ಹೇಗೂ ಕತ್ತರಿಸಿ ಎಸೆಯುವ ನೆಟ್ಟನೆಯ ಚಿಗುರುಕೊಂಬೆ, ಒಂದು ಮಾರಿನಷ್ಟು ಉದ್ದದ್ದು, ತೊಗಟೆ ಹೆರೆದು ತುದಿ ಚೂಪು ಮಾಡಿಕೊಂಡರೆ ಅದಕ್ಕಿಂತ ಎಷ್ಟೋ ಉತ್ತಮ. ಹಸಿಯಾದ್ದರಿಂದ ಅದು ಹೊತ್ತಿಕೊಳ್ಳುವುದಿಲ್ಲ, ಕೈಗೆ ಶಾಖವೂ ಬರುವುದಿಲ್ಲ. ಬೇಲಿಯಲ್ಲಿ ಸಿಕ್ಕ ಯಾವುದೋ ಗಿಡದ ಕಡ್ಡಿಯನ್ನು ಮುರಿದುಕೊಳ್ಳುವುದು ಮಾತ್ರ ಬೇಡ. ಕಣಗಿಲೆಯಂತಹ ಗಿಡಗಳ ಎಲ್ಲ ಭಾಗಗಳೂ ವಿಷ.

ಅಮೆರಿಕದ ಪದ್ಧತಿಯಂತೆ ಬಿಸ್ಕತ್ತು ಮತ್ತು ಚಾಕೊಲೇಟಿನ ನಡುವೆ ಇಟ್ಟು ತಿನ್ನುವುದನ್ನೂ ಮಾಡಿ ನೋಡಿದೆವು. ಅಲ್ಲಿನ ಗರ್ಲ್ ಸ್ಕೌಟ್‌ಗಳ 1927ರ ಕೈಪಿಡಿಯಲ್ಲಿಯೇ ಇದರ ವಿಧಾನ ಅಚ್ಚಾಗಿತ್ತು. ಅಲ್ಲಿಯ ಗ್ರಹಾಂ ಬಿಸ್ಕತ್ತು ನಮಗೆ ಸಿಗದ್ದರಿಂದ ಮಾರಿ ಬಿಸ್ಕತ್ತು ಬಳಸಿದೆವು. ಸಿಹಿ ಕಡಿಮೆಯಾದ್ದರಿಂದ ಅದು ಗ್ಲೂಕೋಸ್ ಬಿಸ್ಕತ್ತಿಗಿಂತ ಚೆನ್ನಾಗಿ ಹೊಂದಿತು. ಒಂದು ಮಾರ್ಷ್‌ಮ್ಯಾಲೋದ ಬಿಸಿಗೆ ಚಾಕೊಲೇಟ್ ಕರಗುತ್ತದೆಂಬುದು ಬರೀ ನಂಬಿಕೆ: ಬಿಸ್ಕತ್ತಿನ ಮೇಲೆ ಚಾಕೊಲೇಟ್ ಇಟ್ಟು, ಬೆಂಕಿಯ ಪಕ್ಕದ ಬೆಚ್ಚಗಿನ ಕಲ್ಲಿನ ಮೇಲೆ ಮೊದಲೇ ಕೆಲವು ನಿಮಿಷ ಬಿಡಬೇಕು.

ಕೊನೆಯ ಬೆಳಿಗ್ಗೆ ಎರಡೂ ಪೊಟ್ಟಣಗಳಲ್ಲಿ ಉಳಿದಿದ್ದ ಒಂದೊಂದನ್ನು ಬಿಸಿ ಕಾಫಿಗೆ ಹಾಕಿದೆವು. ಜೆಲಾಟಿನ್‌ನದ್ದು ನಿಧಾನವಾಗಿ ಕರಗಿ ನೊರೆಯಾಯಿತು. ಇನ್ನೊಂದು ಇಡ್ಲಿಯ ತುಂಡಿನಂತೆ ಕೊನೆಯ ಗುಟುಕಿನವರೆಗೂ ತೇಲುತ್ತಲೇ ಇತ್ತು. ಗೆಳೆಯನ ತಾಯಿ ಎರಡೂ ಲೋಟಗಳನ್ನು ಇಣುಕಿ ನೋಡಿ, “ಹಿಂದಿನ ವರ್ಷದ ಒಳ್ಳೆ ಬೀಜ ಹುರಿದು ಮಾಡಿದ ಕಾಫಿ ಕಣ್ರೋ ಅದು” ಎಂದಷ್ಟೇ ಹೇಳಿ ಒಳಗೆ ಹೋದರು.